ಅಮೆರಿಕದ ಆರ್ಡರ್ ನಿಂತಿದೆ, ಕಂಪೆನಿ ದಾರಿ ಬದಲಿಸುತ್ತಿದೆ: ಕೆಲಸಗಾರರಿಗೆ ಹೇಳುವುದು ಹೇಗೆ?

ಹಾಳೆತಟ್ಟೆ_ಬದಿಯಡ್ಕ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಅಡಿಕೆ ಹಾಳೆ ತಟ್ಟೆಯ ಘಟಕ. ತೊಳೆಯುವುದು, ಪ್ರೆಸ್, ಅಂಚು ಕತ್ತರಿಸುವುದು, ಒಣಗಿಸುವುದು, ಆರಿಸುವುದು, ಪ್ಯಾಕಿಂಗ್ ಎಲ್ಲ ಸೇರಿ 64 ಮಂದಿ. 41 ಮಂದಿ ಹೆಂಗಸರು, ಸುತ್ತಮುತ್ತಲಿನವರೇ. ಮನೆಮಾತು ತುಳು, ಮಲಯಾಳ, ಕನ್ನಡ, ಮರಾಟಿ. ಪ್ರೆಸ್ಸಿನಲ್ಲಿ 11 ಮಂದಿ ಒಡಿಶಾ, ಅಸ್ಸಾಮಿನ ಹುಡುಗರು. ಕೂಲಿ ತಟ್ಟೆಯ ಲೆಕ್ಕದಲ್ಲಿ.

ಮುಕ್ಕಾಲು ಪಾಲು ಮಾಲು ಅಮೆರಿಕಕ್ಕೆ ಹೋಗುತ್ತಿತ್ತು. 2025ರ ಮೇ ತಿಂಗಳಲ್ಲಿ ಅಲ್ಲಿನ ಆಹಾರ, ಔಷಧ ನಿಯಂತ್ರಿಸುವ ಸರಕಾರಿ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆಯ ತಟ್ಟೆ ಬೇಡ ಎಂದ ಮೇಲೆ ಅದು ನಿಂತಿತು. ಯಜಮಾನರು ಈಗ ಮೂರು ವರ್ಷಕ್ಕೆ ಒಂದು ಯೋಜನೆ ಹಾಕಿದ್ದಾರೆ. ಒಂದು, ದೇಶದೊಳಗೆ ಅಡುಗೆ ಗುತ್ತಿಗೆಯವರು, ದೇವಸ್ಥಾನ, ಕಲ್ಯಾಣಮಂಟಪಗಳಿಗೆ ನೇರ ಮಾರಾಟ. ಎರಡು, ಈಗಿನ 9 ಅಳತೆಗಳಲ್ಲಿ 3 ಮಾತ್ರ ಉಳಿಸಿಕೊಳ್ಳುವುದು: 12 ಇಂಚು, 10 ಇಂಚು ಮತ್ತು ಬಟ್ಟಲು. ಮೂರು, ಬೂಷ್ಟು ಮತ್ತು ವಾಸನೆಯ ದೂರುಗಳನ್ನು ಅರ್ಧಕ್ಕೆ ಇಳಿಸುವುದು.

ಸಲಹೆಗಾರರೊಬ್ಬರು 42 ಸ್ಲೈಡು ಮಾಡಿ ಕೊಟ್ಟಿದ್ದಾರೆ, ವಿಷನ್, ಮಿಷನ್, ವ್ಯಾಲ್ಯೂಸ್ ಎಂದು. ಅದನ್ನು ಕೆಲಸಗಾರರ ಮುಂದೆ ಓದಿದರೆ ಏನೂ ತಲುಪುವುದಿಲ್ಲ ಎಂದು ಸೂಪರ್‌ವೈಸರುಗಳೇ ಹೇಳುತ್ತಿದ್ದಾರೆ. ಯಾರು ಹೇಳಬೇಕು, ಯಾವ ಭಾಷೆಯಲ್ಲಿ, ಎಷ್ಟು ದಿನದಲ್ಲಿ, ಅರ್ಥ ಆಯಿತೋ ಇಲ್ಲವೋ ಎಂದು ನೋಡುವುದು ಹೇಗೆ? ಗೊತ್ತಿದ್ದವರು ವಿವರವಾಗಿ ತಿಳಿಸಿ.

ಉಪ್ಪಳ_ಪರ್ಸನಲ್

ಸ್ಲೈಡನ್ನು ಬದಿಗಿಡಿ. ಈ 64 ಮಂದಿಯ ತಲೆಯಲ್ಲಿ ಈಗಾಗಲೇ ಮೂರು ಪ್ರಶ್ನೆ ಉಂಟು. ಕೆಲಸ ಉಳಿಯುತ್ತದಾ? ಕೂಲಿ ಏನಾಗುತ್ತದೆ? ತಪ್ಪು ನಮ್ಮದಾ? ಈ ಮೂರಕ್ಕೆ ಉತ್ತರ ಬರುವವರೆಗೆ ನೀವು ಧ್ಯೇಯ ಎಂದರೂ ಗುರಿ ಎಂದರೂ ಕಿವಿಗೆ ಹೋಗುವುದಿಲ್ಲ. ಹಾಗಾಗಿ ಮಾತು ಇಲ್ಲಿಂದ ಶುರುವಾಗಬೇಕು, ಯೋಜನೆ ಆಮೇಲೆ.

ಮೂರನೆಯ ಪ್ರಶ್ನೆಯನ್ನು ಹೆಚ್ಚಿನ ಕಂಪೆನಿಗಳು ಮರೆಯುತ್ತವೆ. ಎಫ್‌ಡಿಎ ಹೇಳಿದ್ದು ತೊಳೆದದ್ದು ಸರಿಯಿಲ್ಲ ಎಂದಲ್ಲ. ಅಡಿಕೆ ಮರದಲ್ಲಿ ಸಹಜವಾಗಿ ಇರುವ ಆಲ್ಕಲಾಯ್ಡ್ ಎಂಬ ರಾಸಾಯನಿಕಗಳು ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದು, ಅವಕ್ಕೆ ತಮ್ಮ ಕಾನೂನಿನಲ್ಲಿ ಒಪ್ಪಿಗೆ ಇಲ್ಲ ಎಂಬುದು ಅವರ ತಕರಾರು. ಮಾಲು ವಾಪಸ್ ಬಂತು ಎಂಬ ಸುದ್ದಿ ಕೇಳಿದ ಹೆಂಗಸು ಮಾತ್ರ ತನ್ನ ಕೈಯ ಕೆಲಸವನ್ನೇ ಸಂಶಯಿಸುತ್ತಾಳೆ. "ನಿಮ್ಮ ಕೆಲಸದ ತಪ್ಪಿನಿಂದ ಅಲ್ಲ" ಎಂದು ಯಜಮಾನರು ಬಾಯಿಬಿಟ್ಟು ಹೇಳಬೇಕು. ಅದರ ಹಿಂದೆಯೇ ಇನ್ನೊಂದು ಬರುತ್ತದೆ: "ಹಾಗಾದರೆ ಇಲ್ಲಿಯವರು ಇದರಲ್ಲಿ ಉಣ್ಣಬಹುದಾ?" ನಿಮ್ಮ ಮಾಲಿಗೆ ಪ್ರಯೋಗಾಲಯದ ವರದಿ ಇದ್ದರೆ ತೋರಿಸಿ. ಇಲ್ಲವಾದರೆ ಇಂಥ ತಾರೀಕಿನೊಳಗೆ ಮಾಡಿಸುತ್ತೇವೆ ಎನ್ನಿ. "ಏನೂ ಆಗುವುದಿಲ್ಲ ಮಾರಾಯ್ರೆ" ಎಂದು ಹಾರಿಸಿಬಿಟ್ಟರೆ ಮುಂದೆ ನೀವು ಹೇಳುವ ಮಾತಿಗೆಲ್ಲ ಅಷ್ಟೇ ಬೆಲೆ.

ಇನ್ನು ಬರವಣಿಗೆ. ಒಂದೇ ಹಾಳೆ (ಕಾಗದದ ಹಾಳೆ!), ಒಂದೇ ಮಗ್ಗುಲು, ದೊಡ್ಡ ಅಕ್ಷರ, 150 ಪದ ದಾಟಬಾರದು. ಅದರಲ್ಲಿ ಇಷ್ಟು ಬಂದರೆ ಸಾಕು: ಏನಾಯಿತು, ಇನ್ನು ಯಾರಿಗೆ ಮಾರುತ್ತೇವೆ, ಯಾವುದನ್ನು ಬಿಡುತ್ತೇವೆ, ನಿಮ್ಮ ಕೆಲಸದಲ್ಲಿ ಏನು ಬದಲು, ಏನು ಬದಲಾಗುವುದಿಲ್ಲ, ಯಾವುದು ಇನ್ನೂ ತೀರ್ಮಾನವಾಗಿಲ್ಲ. ಕೊನೆಯದನ್ನು ಬರೆಯಲು ಯಜಮಾನರು ಹಿಂಜರಿಯುತ್ತಾರೆ. ಆದರೆ "ಮಳೆಗಾಲದಲ್ಲಿ ಎಷ್ಟು ಪಾಳಿ ಎಂದು ಇನ್ನೂ ತೀರ್ಮಾನ ಆಗಿಲ್ಲ, ಮೇ 10ಕ್ಕೆ ಹೇಳುತ್ತೇವೆ" ಎಂಬ ಒಂದು ಸಾಲು ಇದ್ದರೆ ಗಾಳಿಮಾತಿಗೆ ಜಾಗ ಇರುವುದಿಲ್ಲ.

"ಬಿಡುತ್ತೇವೆ" ಎಂಬ ಭಾಗಕ್ಕೆ ಕಾರಣ ಕೊಡಿ. 9 ಅಳತೆ ಯಾಕೆ 3 ಆಗುತ್ತದೆ? ಅಚ್ಚು ಬದಲಿಸುವಾಗ ಪ್ರೆಸ್ ತಣಿಯಬೇಕು, ಬಿಚ್ಚಬೇಕು, ಕೂರಿಸಬೇಕು, ಮತ್ತೆ ಕಾಯಬೇಕು. ಅಷ್ಟು ಹೊತ್ತು ತಟ್ಟೆಯೂ ಇಲ್ಲ, ಕೂಲಿಯೂ ಇಲ್ಲ. ಇದನ್ನು ಪ್ರೆಸ್ಸಿನವರಿಗೆ ಯಾರೂ ಕಲಿಸಬೇಕಾಗಿಲ್ಲ, ಅವರೇ ತಲೆಯಾಡಿಸುತ್ತಾರೆ. ಆದರೆ ಕೂಡಲೇ ಕೇಳುತ್ತಾರೆ, ಸಣ್ಣ ಅಳತೆ ಬಿಟ್ಟರೆ ಹಾಳೆಯ ಕಿರಿದಾದ ತುದಿ ಏನು ಮಾಡುವುದು ಎಂದು. ಬಟ್ಟಲನ್ನು ಉಳಿಸಿಕೊಂಡದ್ದು ಅದಕ್ಕೇ ಎಂದಾದರೆ ಆ ಮಾತನ್ನು ಕಾಗದದಲ್ಲೇ ಹಾಕಿ. ದೇಶದೊಳಗಿನ ಮಾರುಕಟ್ಟೆ ಯಾಕೆ ಎಂಬುದಕ್ಕೂ ಗಟ್ಟಿ ಕಾರಣ ಉಂಟು: ಕೇರಳದಲ್ಲಿ 2020ರ ಜನವರಿ 1ರಿಂದ, ಇಡೀ ದೇಶದಲ್ಲಿ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆಗೆ ನಿಷೇಧ ಬಂದಿದೆ.

ಧ್ಯೇಯವಾಕ್ಯ ಬೇಕೇ ಬೇಕು ಎಂದು ಯಜಮಾನರು ಪಟ್ಟು ಹಿಡಿದರೆ ಒಂದು ಪರೀಕ್ಷೆ ಮಾಡಿ. ಸಂಜೆ ನಾಲ್ಕೂವರೆಗೆ ಲಾರಿ ನಿಂತಿದೆ, ಆರಿಸುವವಳ ಕೈಯಲ್ಲಿ ಒಂದು ಕಪ್ಪು ಚುಕ್ಕೆಯ ತಟ್ಟೆ. ಪ್ಯಾಕಿಗೆ ಹಾಕಬೇಕೋ ಬಿಸಾಡಬೇಕೋ ಎಂದು ಆ ವಾಕ್ಯ ಅವಳಿಗೆ ಹೇಳುತ್ತದಾ? "ವಿಶ್ವದರ್ಜೆಯ ಪರಿಸರಸ್ನೇಹಿ ಪರಿಹಾರ" ಎಂಬುದು ಹೇಳುವುದಿಲ್ಲ. "ನಮ್ಮ ಮನೆಯ ಮದುವೆಗೆ ಇಡಲಾಗದ ತಟ್ಟೆ ಇಲ್ಲಿಂದ ಹೊರಗೆ ಹೋಗುವುದಿಲ್ಲ" ಎಂಬುದು ಹೇಳುತ್ತದೆ.

ಹೇಳುವ ಕ್ರಮ ಹೀಗಿರಲಿ. ಮೊದಲ ದಿನ ಸೂಪರ್‌ವೈಸರು, ಮೇಸ್ತ್ರಿಗಳಿಗೆ ಎರಡು ಗಂಟೆ. ಯೂನಿಯನ್ ಇದ್ದರೆ ಅವರ ಕಾರ್ಯದರ್ಶಿಗೂ ಅದೇ ದಿನ. ಎರಡನೆಯ ದಿನ ಸೂಪರ್‌ವೈಸರುಗಳು ತಮಗೆ ತಿಳಿದದ್ದನ್ನು ಯಜಮಾನರ ಎದುರೇ ತಮ್ಮ ಮಾತಿನಲ್ಲಿ ಹೇಳಿ ತೋರಿಸಲಿ, ಒಬ್ಬೊಬ್ಬರಿಗೆ ಐದು ನಿಮಿಷ. ನಾಲ್ವರಲ್ಲಿ ಮೂವರು ಒಂದೇ ಜಾಗದಲ್ಲಿ ತಡವರಿಸಿದರೆ ನಿಮ್ಮ ಕಾಗದದ ಆ ಸಾಲೇ ಸರಿಯಿಲ್ಲ, ತಿದ್ದಿ. ಮೂರನೆಯ ದಿನ ಕೆಲಸಗಾರರು, 12ರಿಂದ 15 ಮಂದಿಯ ಗುಂಪು, ಒಟ್ಟು ಐದು ಗುಂಪು, ಎಲ್ಲವೂ ಅದೇ ದಿನ. ಎರಡು ದಿನಕ್ಕೆ ಎಳೆದರೆ ಎರಡನೆಯ ದಿನದವರು ಬೇರೆಯದೇ ಕಥೆ ಕೇಳಿಕೊಂಡು ಬಂದಿರುತ್ತಾರೆ.

ಗುಂಪಿಗೆ 25 ನಿಮಿಷ. ಯಜಮಾನರು ಐದು ನಿಮಿಷ, ಆ ವಿಭಾಗದ ಸೂಪರ್‌ವೈಸರ್ ಐದು ನಿಮಿಷ, ಉಳಿದ 15 ಪ್ರಶ್ನೆಗೆ. ತಟ್ಟೆಯ ಲೆಕ್ಕದ ಕೂಲಿ ಅಂದಿರಿ, ಹಾಗಾದರೆ ಆ 25 ನಿಮಿಷಕ್ಕೂ ಕೂಲಿ ಕಟ್ಟಿಕೊಡಿ ಮತ್ತು ಅದನ್ನು ಮೊದಲೇ ಹೇಳಿ. ಇಲ್ಲದಿದ್ದರೆ ನಿಂತವರೆಲ್ಲ ಎಷ್ಟು ತಟ್ಟೆ ಹೋಯಿತು ಎಂದು ಎಣಿಸುತ್ತಿರುತ್ತಾರೆ. ಶುಕ್ರವಾರ ಮಧ್ಯಾಹ್ನ ಬೇಡ, ಸಂಬಳದ ದಿನ ಬೇಡ. ಓಣಂ ಹತ್ತಿರ ಅಂತೂ ಬೇಡವೇ ಬೇಡ. ಬೋನಸ್ ಬರುವ ಹೊತ್ತಿಗೆ "ಕಷ್ಟದ ಕಾಲ" ಎಂದು ನೀವು ಬಾಯಿ ತೆರೆದರೆ ಅವರಿಗೆ ಕೇಳುವುದು ಒಂದೇ ಅರ್ಥ.

"ಅರ್ಥ ಆಯಿತಾ?" ಎಂದು ಕೇಳಬೇಡಿ. ಎಲ್ಲರೂ ಹೂಂ ಅನ್ನುತ್ತಾರೆ. ಮೂರು ದಿನ ಬಿಟ್ಟು ಪ್ರತಿ ವಿಭಾಗದಲ್ಲಿ ಇಬ್ಬರನ್ನು ಕೇಳಿ: "ಮನೆಯಲ್ಲಿ ಕೇಳಿದಾಗ ಕಂಪೆನಿಯಲ್ಲಿ ಏನು ನಡೆಯುತ್ತಿದೆ ಎಂದು ಹೇಳಿದಿರಿ?" ಹತ್ತು ಉತ್ತರದಲ್ಲಿ ಏಳು ನಿಮ್ಮ ಕಾಗದಕ್ಕೆ ಹೊಂದಿದರೆ ಮುಂದಕ್ಕೆ ಹೋಗಿ. ಇಲ್ಲವಾದರೆ ಯಾವ ಸಾಲು ತಪ್ಪಿದೆಯೋ ಅದನ್ನು ಮಾತ್ರ ಮತ್ತೆ ಹೇಳಿ.

ಹೊಸೂರು_ಬಿ_ಶಿಫ್ಟ್

ಮೇಲಿನವರು ಹೇಳಿದ್ದು ಮೊದಲ ವಾರಕ್ಕೆ ಸರಿ. ಮೂರು ವರ್ಷದ ಯೋಜನೆ ಎರಡನೇ ತಿಂಗಳಲ್ಲೇ ಮರೆತುಹೋಗುತ್ತೆ, ಅದಕ್ಕೇನು ಮಾಡ್ತೀರಿ? ಇಲ್ಲಿ ಬಿಡಿಭಾಗದ ಕಾರ್ಖಾನೆಗಳಲ್ಲಿ ನಡೆಯೋ ರೀತಿ ಹೇಳ್ತೀನಿ. ಕಂಪೆನಿಯ ಗುರಿಯನ್ನು ಕೆಳಗಿನವರ ಮೇಲೆ ಹಾಗೇ ಹೊರಿಸಲ್ಲ. ಅದನ್ನು ಒಡೆದು ಒಡೆದು, ಒಬ್ಬ ಮನುಷ್ಯ ತನ್ನ ಕೈಯಿಂದ ಮಾಡೋ ಕೆಲಸದವರೆಗೂ ತರ್ತಾರೆ.

"ಬೂಷ್ಟಿನ ದೂರು ಅರ್ಧ" ಅನ್ನೋದು ಯಜಮಾನರ ಲೆಕ್ಕ. ತೊಳೆಯೋರಿಗೆ ಅದರಿಂದ ಏನೂ ತೋಚಲ್ಲ. ಬೂಷ್ಟು ಎಲ್ಲಿಂದ ಬರುತ್ತೆ ನೋಡಿ. ಮಳೆಗೆ ನೆನೆದ ಹಾಳೆಯನ್ನು ಪೂರ್ತಿ ಒಣಗಿಸದೆ ರಾಶಿ ಹಾಕೋದು, ನೆನೆಸೋ ತೊಟ್ಟಿಯ ನೀರು ಬದಲಾಯಿಸದೆ ಇರೋದು, ಪ್ರೆಸ್ಸಿಂದ ಬಂದ ತಟ್ಟೆ ಬಿಸಿ ಆರೋ ಮೊದಲೇ ಪ್ಲಾಸ್ಟಿಕ್ ಹಾಳೆಯೊಳಗೆ ಸುತ್ತೋದು. ಕೊನೆಯದು ಹೆಚ್ಚು ಕಾಟ ಕೊಡುತ್ತೆ. ಒಳಗೆ ಉಳಿದ ಆವಿ ನೀರಾಗಿ ಅಲ್ಲೇ ಕೂರುತ್ತೆ, ಎರಡು ವಾರದಲ್ಲಿ ಗಿರಾಕಿ ಫೋನ್ ಮಾಡ್ತಾನೆ. ಹಾಗಾಗಿ ಗೋದಾಮಿನವರಿಗೆ ಒಂದು ಅಂಕಿ: ಪ್ರತಿ ರಾಶಿಗೂ ಒಣಗಿಸಿದ ತಾರೀಕಿನ ಚೀಟಿ ಇದೆಯಾ ಇಲ್ಲವಾ. ತೊಳೆಯೋರಿಗೆ ಒಂದು: ದಿನಕ್ಕೆ ತೊಟ್ಟಿಯ ನೀರು ಎಷ್ಟು ಸಲ ಬದಲಾಯ್ತು. ಪ್ಯಾಕಿಂಗ್‌ಗೆ ಒಂದು: ಸುತ್ತೋ ಮೊದಲು ತೇವಾಂಶದ ಮೀಟರ್ ಎಷ್ಟು ತೋರಿಸ್ತು, ನೀವು ಇಟ್ಟ ಮಿತಿಯೊಳಗೆ ಇದೆಯಾ. ವಿಭಾಗಕ್ಕೆ ಒಂದೇ ಅಂಕಿ, ಎರಡಲ್ಲ.

ಇದನ್ನು ಬೆಳಿಗ್ಗೆ ಕೆಲಸ ಶುರುವಾಗೋ ಮುಂಚೆ ನಿಂತುಕೊಂಡೇ ಐದು ನಿಮಿಷ ಮಾತಾಡಿ. ನೆನ್ನೆ ಎಷ್ಟು, ಇವತ್ತು ಎಷ್ಟು, ಅಡ್ಡ ಏನು ಬಂತು. ವಾರಕ್ಕೊಮ್ಮೆ ಅದನ್ನು ದೊಡ್ಡ ಗುರಿಗೆ ಕಟ್ಟಿ: "ಈ ವಾರ ದೂರು ಎರಡೇ, ಕೋಝಿಕ್ಕೋಡಿನ ಅಡುಗೆ ಗುತ್ತಿಗೆಯವರು ಮತ್ತೆ ಆರ್ಡರ್ ಕೊಟ್ಟಿದ್ದಾರೆ" ಅಂತ. ತಿಂಗಳಿಗೊಮ್ಮೆ ಯಜಮಾನರೇ ಬಂದು ಪ್ರತಿ ಸಲವೂ ಈ ಮೂರೇ ಅಂಕಿ ಹೇಳಬೇಕು: ದೇಶದೊಳಗೆ ಮಾರಿದ್ದು ಎಷ್ಟು, ದೂರು ಎಷ್ಟು, ಕೆಲಸ ಸಿಕ್ಕ ದಿನ ಎಷ್ಟು. ಕೆಟ್ಟ ತಿಂಗಳಲ್ಲಿ ಬರದೆ ಒಳ್ಳೇ ತಿಂಗಳಲ್ಲಿ ಮಾತ್ರ ಬಂದರೆ, ಅವರು ಬರದ ದಿನವೇ ಸುದ್ದಿಯಾಗುತ್ತೆ.

ಭಾಷೆ ವಿಚಾರ. ಗಡಿಯಲ್ಲಿ ಇರೋರಿಗೆ ಇದು ಗೊತ್ತೇ ಇರುತ್ತೆ, ಆದ್ರೂ ಹೊರಗಿನ ಸಲಹೆಗಾರರು ಎಡವೋದು ಇಲ್ಲೇ. ಮಲಯಾಳದಲ್ಲಿ "ಅವಸರಂ" ಅಂದ್ರೆ ಅವಕಾಶ. ಕನ್ನಡದಲ್ಲಿ ಆತುರ. ತೆಲುಗಿನಲ್ಲಿ ಅಗತ್ಯ. "ಹೊಸ ಅವಸರ" ಅಂತ ಬೋರ್ಡ್ ಹಾಕಿದ್ರೆ ಒಬ್ಬೊಬ್ಬರು ಒಂದೊಂದು ಓದ್ಕೋತಾರೆ. "ಲಕ್ಷ್ಯಂ" ಮಲಯಾಳದಲ್ಲಿ ಗುರಿ, ನಮ್ಮ ಕನ್ನಡದಲ್ಲಿ ಹೆಚ್ಚಾಗಿ ಗಮನ. ಹಿಂದಿಯಲ್ಲಿ "ಶಿಕ್ಷಾ" ಅಂದ್ರೆ ಓದು, ನಮ್ಮಲ್ಲೂ ನಿಮ್ಮ ಮಲಯಾಳದಲ್ಲೂ ಅದು ದಂಡನೆ! ಆದ್ದರಿಂದ ಒಂದು ಭಾಷೆಯಲ್ಲಿ ಬರೆದು ಉಳಿದವಕ್ಕೆ ಅನುವಾದ ಮಾಡಿಸಬೇಡಿ. ವಿಷಯ ಒಪ್ಪಿಕೊಂಡು, ಪ್ರತಿ ಭಾಷೆಯಲ್ಲೂ ಆ ಭಾಷೆಯ ಮೇಸ್ತ್ರಿಯೇ ಹೊಸದಾಗಿ ಹೇಳಲಿ. ಒಡಿಯಾ, ಅಸ್ಸಾಮಿ ಹುಡುಗರಿಗೆ ಹಿಂದಿ ಸಾಕು ಅಂತ ಅಂದ್ಕೋಬೇಡಿ, ಎರಡೂ ಕಡೆಯವರಲ್ಲಿ ಚೆನ್ನಾಗಿ ಹಿಂದಿ ಬರೋ ಒಬ್ಬೊಬ್ಬನನ್ನು ಮುಂದೆ ನಿಲ್ಲಿಸಿ, ಅವನು ತನ್ನವರ ಮಾತಲ್ಲಿ ಹೇಳಲಿ.

ಸೊಲ್ಲಾಪುರ_ಮಗ್ಗ

ಮ್ಯಾಲಿನವ್ರು ಹೇಳಿದ್ದು ಎಲ್ಲಾ ಖರೆ ಅದ. ಆದ್ರ ಅಣ್ಣಾರ, ಕೂಲಿ ಲೆಕ್ಕ ಯಾರೂ ತಗದಿಲ್ಲ. ಪ್ರಶ್ನೆಯೊಳಗ "ಕೂಲಿ ತಟ್ಟೆಯ ಲೆಕ್ಕದಲ್ಲಿ" ಅಂತ ಒಂದ ಸಾಲು ಬರದು ಬಿಟ್ಟೀರಿ, ಆಟ ಎಲ್ಲಾ ಅಲ್ಲೇ ಅದ ನೋಡ್ರಿ.

ನೀವು ಬಾಯಿಲೆ ಹೇಳೂದು ಗುಣಮಟ್ಟ. ರೊಕ್ಕ ಕೊಡೂದು ಎಣಿಕಿಗೆ. ಮಂದಿ ಬಾಯಿ ಕೇಳೂದಿಲ್ಲ, ರೊಕ್ಕ ಕೇಳ್ತಾರ. ಮಗ್ಗದ ಕೆಲಸದಾಗೂ ಹಿಂಗ. ಟಾವೆಲ್ ಎಷ್ಟು ನೇದಿ ಅಂತ ಎಣಸಿ ಕೊಟ್ರ ಎಳಿ ತಪ್ಪಿದ್ದು ಯಾರಿಗೂ ಕಾಣಂಗಿಲ್ಲ.

ಲೆಕ್ಕ ಹಾಕೂಣು. ಉದಾಹರಣಿಗೆ ತಟ್ಟಿಗೆ 60 ಪೈಸೆ ಅಂತ ಹಿಡೀರಿ. ಒಬ್ಬಾಕಿ ದಿನಕ್ಕ 900 ಮಾಡ್ತಾಳ, 540 ರೂಪಾಯಿ. ನೂರಕ್ಕ 12 ತಟ್ಟಿ ಕೆಟ್ಟು. ಈಗ ನೀವು "ಛಲೋ ತಟ್ಟಿಗಷ್ಟ ರೊಕ್ಕ" ಅಂತ ಹೇಳಿದ್ರಿ ಅನ್ನರಿ. 792 ಛಲೋ ತಟ್ಟಿ, 475 ರೂಪಾಯಿ 20 ಪೈಸೆ. ದಿನಕ್ಕ 65 ರೂಪಾಯಿ ಆಕಿ ಕಿಸೆಯಿಂದ ಹೋತು. ಇದಕ್ಕ ನೀವು ಹೊಸ ದಾರಿ ಅಂತೀರಿ, ಆಕಿ ಕೂಲಿ ಕಡಿತ ಅಂತಾಳ. ಆಕಿ ಹೇಳೂದ ಖರೆ.

ಹಂಗಾದ್ರ ಏನ್ ಮಾಡಬೇಕು? ಜ್ವಾಕಿಲೆ ಮಾಡಿದ್ರ ಕೈ ಸಾವಕಾಶ ಆಗ್ತದ. 900 ಇದ್ದದ್ದು 800ಕ್ಕ ಇಳೀತದ ಅಂತ ಹಿಡೀರಿ, ಕೆಟ್ಟದ್ದು ನೂರಕ್ಕ 4ಕ್ಕ ಬರ್ತದ. ಛಲೋ ತಟ್ಟಿ 768. ಹಳೇ 540 ರೂಪಾಯಿ ಮುಟ್ಟಬೇಕಾದ್ರ ತಟ್ಟಿಗೆ 71 ಪೈಸೆ ಬೇಕು, 545 ರೂಪಾಯಿ ಆಗ್ತದ. 70 ಇಟ್ರ 537 ರೂಪಾಯಿ 60 ಪೈಸೆ, ಹಳೇದಕ್ಕಿಂತ ಕಡಿಮಿನ, ಒಂದು ಪೈಸೆ ಉಳಸಾಕ ಹೋಗಿ ಮಂದಿ ನಂಬಿಗಿ ಕಳಕೋಬ್ಯಾಡ್ರಿ. ಮ್ಯಾಲ ಮೂರು ತಿಂಗಳು ಗ್ಯಾರಂಟಿ ಕೊಡ್ರಿ: ಹಿಂದಿನ ಮೂರು ತಿಂಗಳ ಸರಾಸರಿಗಿಂತ ಯಾರ ಕೂಲಿನೂ ಕಡಿಮಿ ಆಗಂಗಿಲ್ಲ ಅಂತ, ಬರವಣಿಗಿಯೊಳಗ. ಕೈ ಹೊಸ ಪದ್ಧತಿಗೆ ಹೊಂದಾಕ ಅಷ್ಟು ದಿನ ಬೇಕ ಬೇಕು. ಕನಿಷ್ಠ ಕೂಲಿ ಎಷ್ಟದ ಅಂತನೂ ನೋಡ್ಕೋರಿ, ಅದಕ್ಕಿಂತ ಕೆಳಗ ಯಾವ ಲೆಕ್ಕಾನೂ ಹೋಗಬಾರ್ದು.

ಇನ್ನೊಂದು. ಕೆಟ್ಟ ತಟ್ಟಿ ಯಾರ ತಪ್ಪು ಅಂತ ಯಾರು ಹೇಳ್ತಾರ? ಹಾಳಿಯೊಳಗ ಮೊದಲ ಕರೀ ಚುಕ್ಕಿ ಇದ್ರ ಪ್ರೆಸ್ಸಿನವ್ರು ಏನ್ ಮಾಡ್ತಾರ? ಒಂದ ಹಲಗಿ ಮ್ಯಾಲ ಆರು ತಟ್ಟಿ ಮೊಳಿ ಹೊಡದು ಇಡ್ರಿ. ಮೂರು ಹಾಳಿ ತಪ್ಪಿನವು, ಕೂಲಿ ಕಡಿಯೂದಿಲ್ಲ. ಮೂರು ಕೈ ತಪ್ಪಿನವು: ಸುಟ್ಟದ್ದು, ಅಂಚು ಸೀಳಿದ್ದು, ವಾರಿ ಒತ್ತಿದ್ದು. ಓದಾಕ ಬರದವ್ರಿಗೂ ತಿಳೀತದ. ನಿಮ್ಮ 42 ಸ್ಲೈಡ್‌ಕಿಂತ ಆ ಹಲಗಿ ಹೆಚ್ಚು ಮಾತಾಡ್ತದ.

ಕುಂಬಳೆ_ಬೀಡಿಬ್ರಾಂಚು

ಒಂದೇ ವಿಷಯ ಸೇರಿಸುತ್ತೇನೆ. ಕಣ್ಣೂರಿನ ಸುತ್ತ ಬೀಡಿ ಕಟ್ಟುವ ಕಡೆಗಳಲ್ಲಿ ಒಂದು ಪದ್ಧತಿ ಇತ್ತು. ಒಬ್ಬ ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಉಳಿದವರು ಬೀಡಿ ಕಟ್ಟುತ್ತ ಕೇಳುವುದು. ಓದುವವನ ಪಾಲಿನ ಬೀಡಿಯನ್ನು ಮಿಕ್ಕವರು ಕಟ್ಟಿಕೊಡುತ್ತಿದ್ದರು. ಕೈ ನಿಲ್ಲದೆ ಕಿವಿಗೆ ವಿಷಯ ತಲುಪಿಸುವ ದಾರಿ ಅದು. ನಿಮ್ಮಲ್ಲಿ ಪ್ರೆಸ್ಸಿನ ಬಳಿ ಅದು ಆಗದು, ಸದ್ದು ಮತ್ತು ಬಿಸಿ ಅಚ್ಚು, ಗಮನ ತಪ್ಪಿದರೆ ಬೆರಳು ಹೋದೀತು. ಆದರೆ ಆರಿಸುವ, ಪ್ಯಾಕ್ ಮಾಡುವ ಕೋಣೆಯಲ್ಲಿ ಖಂಡಿತ ಆದೀತು. ಹೊಸೂರಿನವರು ಹೇಳಿದ ವಾರದ ಮಾತನ್ನೂ ಗಿರಾಕಿಗಳ ದೂರಿನ ಕಾಗದವನ್ನೂ ಕೆಲಸಗಾರರಲ್ಲೇ ಒಬ್ಬರು ಓದಲಿ, ಆ ಹೊತ್ತಿನ ಕೂಲಿ ಅವರಿಗೆ ಸಿಗಲಿ. ದೂರನ್ನು ತಿದ್ದಿ ತೀಡಿ ಓದಿಸಬೇಡಿ. "ತಟ್ಟೆ ತೆರೆದ ಕೂಡಲೇ ವಾಸನೆ, ಅಡುಗೆಯವರು ಬೈದರು" ಎಂದು ಗಿರಾಕಿ ಬರೆದಿದ್ದರೆ ಹಾಗೆಯೇ ಓದಲಿ.

ದಾರಿ ಬದಲಿಸುವುದು ಎಂದರೆ ಮುಚ್ಚುವುದು ಎಂದೇ ತಿಳಿಯುವವರಿಗೆ ಪಕ್ಕದ ಜಿಲ್ಲೆಯ ಉದಾಹರಣೆ ಉಂಟು. ಕಣ್ಣೂರಿನ ದಿನೇಶ್ ಬೀಡಿ ಸಹಕಾರಿ ಸಂಘ 1969ರಲ್ಲಿ ಬೀಡಿಗಾಗಿಯೇ ಹುಟ್ಟಿದ್ದು. ಬೀಡಿಯ ಬೇಡಿಕೆ ಇಳಿದಾಗ ತೊಂಬತ್ತರ ದಶಕದ ಕೊನೆಯಿಂದ ತಿಂಡಿ-ಮಸಾಲೆ, ಕೊಡೆ, ಬಟ್ಟೆಯ ಕಡೆಗೆ ಕೈ ಚಾಚಿತು. ಆದರೆ ಈ ಉದಾಹರಣೆ ಕೊಡುವಾಗ ಜಾಗ್ರತೆ. ಬೀಡಿಯಲ್ಲಿದ್ದವರ ಸಂಖ್ಯೆ ತುಂಬ ಇಳಿಯಿತು ಎಂಬುದು ಇಲ್ಲಿನವರಿಗೆಲ್ಲ ಗೊತ್ತು. ನಿಮ್ಮಲ್ಲಿ ಹಾಗಾಗುತ್ತದಾ ಎಂದು ಕೇಳಿದರೆ ಉತ್ತರ ಕೈಯಲ್ಲಿರಲಿ.

ಹಾಳೆತಟ್ಟೆ_ಬದಿಯಡ್ಕ

ತುಂಬ ಉಪಕಾರ. ಎರಡು ಸಂಶಯ ಉಳಿಯಿತು. ಕೂಲಿಯ ಲೆಕ್ಕ ಬದಲಿಸುವುದನ್ನು ಸಭೆಯಲ್ಲಿ ಹೇಳಿ ಮರುದಿನದಿಂದಲೇ ಮಾಡಬಹುದಾ? ಮತ್ತೆ, ಯೋಜನೆಯಲ್ಲಿ ಗಿರಾಕಿಗಳ ಹೆಸರು, ದರ ಎಲ್ಲ ಉಂಟು. ಎಷ್ಟು ಹೇಳುವುದು?

ಉಪ್ಪಳ_ಪರ್ಸನಲ್

ಮರುದಿನದಿಂದ ಆಗುವುದಿಲ್ಲ. ಕೂಲಿ ಕೊಡುವ ಕ್ರಮ ಬದಲಿಸಲು 21 ದಿನ ಮೊದಲು ಲಿಖಿತ ನೋಟಿಸು ಬೇಕು. ಹಿಂದೆ ಅದು 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಮು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ 40ನೆಯದು. ನಮೂನೆ ಯಾವುದು, ಪ್ರತಿ ಯಾರಿಗೆ ಎಂದು ಕಾಸರಗೋಡಿನ ಲೇಬರ್ ಆಫೀಸಿನಲ್ಲಿ ಕೇಳಿಯೇ ಹಾಕಿ. ಅನುಕೂಲವೂ ಉಂಟು: ಆ 21 ದಿನ ಎರಡೂ ಲೆಕ್ಕವನ್ನು ಒಟ್ಟಿಗೆ ಬರೆದು ಕೂಲಿ ಚೀಟಿಯಲ್ಲಿ ತೋರಿಸಿ, ಹಳೆಯದರಲ್ಲಿ ಎಷ್ಟು, ಹೊಸದರಲ್ಲಿ ಎಷ್ಟಾಗುತ್ತಿತ್ತು ಎಂದು. ರೊಕ್ಕ ಹಳೆಯದರಂತೆಯೇ ಕೊಡಿ. ಯಾರಿಗೆ ನಷ್ಟ ಬರುತ್ತದೆ ಎಂದು ನಿಮಗೂ ಮೊದಲೇ ಕಾಣುತ್ತದೆ.

ಗಿರಾಕಿಯ ಹೆಸರು ಹೇಳಬಹುದು, ಹೇಗೂ ಪೆಟ್ಟಿಗೆಯ ಮೇಲಿನ ವಿಳಾಸ ಅಂಟಿಸುವುದು ಅವರೇ. ದರ, ಲಾಭದ ಅಂತರ, ಸಹಿ ಆಗದ ಒಪ್ಪಂದ ಹೇಳಬೇಡಿ. ಕೇಳಿದರೆ "ಅದನ್ನು ಹೇಳುವ ಹಾಗಿಲ್ಲ" ಎನ್ನಿ, "ಗೊತ್ತಿಲ್ಲ" ಎನ್ನಬೇಡಿ. ಉತ್ತರ ಸಿಗದ ಪ್ರಶ್ನೆಗಳಿಗೆ ಒಂದು ಪುಸ್ತಕ ಇಡಿ, ಬರೆದವರ ಹೆಸರು ಬೇಡ, ಏಳು ದಿನದೊಳಗೆ ಅದರ ಎದುರೇ ಉತ್ತರ ಬರೆಯಿರಿ.

ಹೊಸೂರು_ಬಿ_ಶಿಫ್ಟ್

ಬೋರ್ಡ್ ಆಫೀಸ್ ಬಾಗಿಲಲ್ಲಿ ಹಾಕಬೇಡಿ, ಅಲ್ಲಿಗೆ ರಜೆ ಕೇಳೋಕೆ ಬಿಟ್ಟರೆ ಯಾರೂ ಬರಲ್ಲ. ಊಟಕ್ಕೆ ಮುಂಚೆ ಕೈ ತೊಳೆಯೋ ನಲ್ಲಿ ಹತ್ತಿರ ಹಾಕಿ. ಅಲ್ಲಿ ಸಾಲು ನಿಲ್ಲುತ್ತೆ.